ದೀಪಾವಳಿ ಉಡುಗೊರೆಯ ದುಡ್ಡು ಒಳ್ಳೆಯ ಕೆಲಸಕ್ಕೆ ಸೇರಬೇಕಾದರೆ

ಪ್ರಶ್ನೆ: ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ನಾವು 120 ಜನ ಇದ್ದೇವೆ. ಪ್ರತಿ ದೀಪಾವಳಿಗೆ ತಲಾ 600 ರೂಪಾಯಿಯ ಡ್ರೈಫ್ರೂಟ್ಸ್ ಬಾಕ್ಸ್ ಕೊಡುತ್ತೇವೆ. ಈ ಸಲ ಆ ದುಡ್ಡು ಯಾರಿಗಾದರೂ ನಿಜವಾಗಿ ಉಪಯೋಗವಾಗಲಿ ಅಂತ ಆಸೆ. ಸ್ವಯಂಸೇವಾ ಸಂಸ್ಥೆಗಳಿಂದ ಕೊಳ್ಳಬೇಕೇ, ಅಥವಾ ಉಡುಗೊರೆಯನ್ನೇ ಬಿಟ್ಟು ದಾನ ಕೊಡಬೇಕೇ? ದಾನಕ್ಕೆ ಆದಾಯ ತೆರಿಗೆಯಲ್ಲಿ 80ಜಿ ವಿನಾಯಿತಿ ಸಿಗುತ್ತದೆಯೇ? ನಮ್ಮ ಅಪಾರ್ಟ್‌ಮೆಂಟಿನವರು ಹಬ್ಬದ ದಿನ ಒಂದು ಮಕ್ಕಳ ಆಶ್ರಮಕ್ಕೆ ಹೋಳಿಗೆ ಊಟ ಕೊಡಬೇಕು ಅಂತಿದ್ದಾರೆ. ಅಮೆರಿಕದಲ್ಲಿರುವ ನನ್ನ ತಮ್ಮನೂ ದುಡ್ಡು ಕಳಿಸುತ್ತೇನೆ ಅಂತಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಹಿಳಾ ಸಂಘಗಳು ಮಾಡುವ ತಿಂಡಿ, ಕರಕುಶಲ ವಸ್ತುಗಳ ಮಾರಾಟ ಮತ್ತು ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ನಿಮ್ಮಂಥವರ ಫೋನ್ ಪ್ರತಿ ವರ್ಷ ಬರುತ್ತದೆ. ಆದರೆ ಬರುವುದು ಸಾಮಾನ್ಯವಾಗಿ ಆಯುಧಪೂಜೆ ಮುಗಿದ ಮೇಲೆ. ನೀವು ಶ್ರಾವಣದಲ್ಲೇ ಕೇಳಿದ್ದೀರಿ. ಅರ್ಧ ಕೆಲಸ ಅಲ್ಲೇ ಆಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಉಡುಗೊರೆ ಕೊಳ್ಳುವುದು, ದಾನ ಕೊಡುವುದು, ಊಟ ಹಾಕುವುದು ಮೂರೂ ಬೇರೆ ಬೇರೆ ಕೆಲಸ. ನೀವು ಮೂರನ್ನೂ ಒಂದೇ ಬಾಕ್ಸಿಗೆ ತುಂಬಲು ನೋಡುತ್ತಿದ್ದೀರಿ. ಗೊಂದಲ ಆಗುವುದು ಅಲ್ಲೇ. ಸಂಸ್ಥೆಯಿಂದ ಕೊಂಡ ಉಡುಗೊರೆ ದಾನ ಅಲ್ಲ, ವ್ಯಾಪಾರ. ಆ ವ್ಯಾಪಾರ ನ್ಯಾಯವಾಗಿ ನಡೆದರೆ ಮಾಡಿದವರ ಕೈಗೆ ಕೂಲಿ ಸೇರುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಅದಕ್ಕೆ 80ಜಿ ರಸೀದಿ ಬರುವುದಿಲ್ಲ, ಜಿಎಸ್‌ಟಿ ಬಿಲ್ ಬರುತ್ತದೆ.

ಲಿಜ್ಜತ್ ಪಾಪಡ್ ಕಥೆ ನಿಮಗೆ ಗೊತ್ತಿರಬಹುದು. 1959ರಲ್ಲಿ ಮುಂಬೈನ ಗಿರ್ಗಾಂವ್‌ನಲ್ಲಿ 7 ಹೆಂಗಸರು 80 ರೂಪಾಯಿ ಸಾಲ ತಂದು ಮಹಡಿ ಮೇಲೆ ಹಪ್ಪಳ ಲಟ್ಟಿಸಲು ಶುರು ಮಾಡಿದರು. ನಷ್ಟ ಆದರೂ ದಾನ ಕೇಳಬಾರದು ಅಂತ ಮೊದಲಲ್ಲೇ ಕಟ್ಟುಪಾಡು ಮಾಡಿಕೊಂಡರು. ಹಪ್ಪಳ ಚೆನ್ನಾಗಿದ್ದರೆ ಜನ ಕೊಳ್ಳುತ್ತಾರೆ, ಲಾಭ ಬಂದರೆ ಕೆಲಸ ಮಾಡಿದವರೇ ಹಂಚಿಕೊಳ್ಳುತ್ತಾರೆ. ಅಷ್ಟೇ ವ್ಯವಹಾರ. ನಮ್ಮ ಸಂಘಗಳ ಹೆಂಗಸರೂ ಹೀಗೇ ಯೋಚಿಸುತ್ತಾರೆ. 'ಪಾಪ, ಬಡವರು ಮಾಡಿದ್ದು' ಅಂತ ಕೊಂಡವರು ಮುಂದಿನ ವರ್ಷ ಬರುವುದಿಲ್ಲ. 'ಚಕ್ಕುಲಿ ಗರಿಗರಿ ಇತ್ತು' ಅಂದವರು ಬರುತ್ತಾರೆ.

ಇದರ ಇನ್ನೊಂದು ಕವಲೂ ಇದೆ. ಮಾರಾಟದಿಂದ ಬಂದ ಹಣ ಮಾಡಿದವರಿಗಲ್ಲದೆ ಬೇರೆ ಕೆಲಸಕ್ಕೆ ಹೋಗುವುದು. ಯುನಿಸೆಫ್ ಗ್ರೀಟಿಂಗ್ ಕಾರ್ಡ್ ಹುಟ್ಟಿದ್ದು 1949ರಲ್ಲಿ. ಜೆಕೊಸ್ಲೊವಾಕಿಯಾದ 7 ವರ್ಷದ ಹುಡುಗಿ ಯುದ್ಧದ ನಂತರ ಸಿಕ್ಕ ನೆರವಿಗೆ ಥ್ಯಾಂಕ್ಸ್ ಹೇಳಲು ಬರೆದ ಚಿತ್ರವೇ ಮೊದಲ ಕಾರ್ಡ್ ಆಯಿತು. ನಮ್ಮಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ಕ್ರೈ ಸಂಸ್ಥೆಯನ್ನು 1979ರಲ್ಲಿ ರಿಪ್ಪನ್ ಕಪೂರ್ ಮತ್ತು ಗೆಳೆಯರು ಕಟ್ಟಿದರು. ಅವರು ಕಾರ್ಡ್ ಮಾರಿಯೇ ದುಡ್ಡು ಕೂಡಿಸಿದರು. ಹೊಸ ವರ್ಷ ಬಂದರೆ ಕ್ರೈ ಕಾರ್ಡ್ ಕಳಿಸುತ್ತಿದ್ದ ಆಫೀಸುಗಳು ಎಷ್ಟೋ ಇದ್ದವು. ಅಲ್ಲಿ ಕಾರ್ಡ್ ಒಂದು ನೆಪ, ಲಾಭ ಹೋಗುತ್ತಿದ್ದುದು ಮಕ್ಕಳ ಕೆಲಸಕ್ಕೆ. ಬಾಯಿಂದ, ಕಾಲಿಂದ ಚಿತ್ರ ಬರೆಯುವ ಕಲಾವಿದರ ಕ್ಯಾಲೆಂಡರ್ ಮತ್ತು ಕಾರ್ಡ್‌ಗಳನ್ನೂ ನೀವು ನೋಡಿರುತ್ತೀರಿ. ತುಂಬಾ ಜನ ಅದನ್ನು ದಾನದಿಂದ ನಡೆಯುವ ಸಂಸ್ಥೆ ಅಂದುಕೊಂಡಿದ್ದಾರೆ. ಅಲ್ಲ. 1956ರಲ್ಲಿ ಯುರೋಪಿನಲ್ಲಿ ಕಲಾವಿದರೇ ಕಟ್ಟಿಕೊಂಡ ಸಂಘ ಅದು. ನಮಗೆ ದಾನ ಬೇಡ, ಚಿತ್ರ ಇಷ್ಟವಾದರೆ ಕೊಳ್ಳಿ ಅನ್ನುವುದು ಅವರ ಮಾತು.

ಹಾಗಾಗಿ ಯಾರಿಂದ ಕೊಂಡರೂ ಕೇಳಬೇಕಾದ ಪ್ರಶ್ನೆ ಒಂದೇ. ನಾನು ಕೊಡುವ 600 ರೂಪಾಯಿಯಲ್ಲಿ ಯಾರಿಗೆ ಎಷ್ಟು ಹೋಗುತ್ತದೆ?

ನಿಮ್ಮದೇ ಬಾಕ್ಸ್ ತೆಗೆದುಕೊಳ್ಳೋಣ. ಸುಮ್ನೆ ಒಂದು ಅಂದಾಜಿಗೆ ಹೇಳುತ್ತಿದ್ದೇನೆ. ಒಂದು ಸಂಘ ನಿಮಗೆ ಚಕ್ಕುಲಿ, ಕೋಡುಬಳೆ, ಕರ್ಜಿಕಾಯಿ, ಶೇಂಗಾ ಚಟ್ನಿಪುಡಿ ಹಾಕಿ 600 ರೂಪಾಯಿಗೆ ಬಾಕ್ಸ್ ಕೊಟ್ಟಿತು ಅಂದುಕೊಳ್ಳಿ. ಅಕ್ಕಿ, ಎಣ್ಣೆ, ಕೊಬ್ಬರಿ, ಗ್ಯಾಸಿಗೆ 220 ಹೋದರೆ ಕೂಲಿಗೆ 150 ಉಳಿಯಬಹುದು. ಚೆಂದದ ರಟ್ಟಿನ ಪೆಟ್ಟಿಗೆ, ಒಳಗಿನ ಡಬ್ಬಿ, ಲೇಬಲ್ ಸೇರಿ 110. ಸಾಗಾಟ 50. ಒಡೆದದ್ದು, ತೆರಿಗೆ, ಸಂಘದ ಖರ್ಚು ಉಳಿದ 70. ಈಗ ನೋಡಿ, ನೀವು ಸ್ವಲ್ಪ ರಿಚ್ ಆಗಿ ಕಾಣಲಿ ಅಂತ ಮ್ಯಾಗ್ನೆಟ್ ಮುಚ್ಚಳದ ಪೆಟ್ಟಿಗೆ, ಒಳಗೆ ಸ್ಯಾಟಿನ್ ಬಟ್ಟೆ ಕೇಳಿದರೆ ಪೆಟ್ಟಿಗೆಯೇ 200 ದಾಟುತ್ತದೆ. ರೇಟ್ ಮಾತ್ರ 600 ದಾಟಬಾರದು ಅಂತೀರಿ. ಆ ವ್ಯತ್ಯಾಸ ಎಲ್ಲಿಂದ ಬರಬೇಕು? ಅಕ್ಕಿ, ಎಣ್ಣೆಯ ರೇಟು ಅವರ ಕೈಯಲ್ಲಿಲ್ಲ. ಕೂಲಿಯಿಂದಲೇ ಬರಬೇಕು. ನನ್ನ ಸಲಹೆ: ಪೆಟ್ಟಿಗೆ ಸಾದಾ ಇರಲಿ. ಸ್ಟೀಲ್ ಡಬ್ಬಿ ಆದರೆ ಇನ್ನೂ ಒಳ್ಳೆಯದು, ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮ್ಯಾಗ್ನೆಟ್ ಪೆಟ್ಟಿಗೆ ಬಲಿಪಾಡ್ಯಮಿ ಕಳೆಯುವುದರೊಳಗೆ ಕಸದ ಗಾಡಿ ಹತ್ತುತ್ತದೆ.

ಇನ್ನು ಸಮಯ ಮತ್ತು ಅಡ್ವಾನ್ಸ್. ನೀವು ಮಾಡಬಹುದಾದ ದೊಡ್ಡ ಉಪಕಾರ ಇದೇ. ಇದಕ್ಕೆ ನಿಮಗೆ ಒಂದು ರೂಪಾಯಿಯೂ ಜಾಸ್ತಿ ಖರ್ಚಿಲ್ಲ.

120 ಬಾಕ್ಸಿಗೆ ತಲಾ ಕಾಲು ಕಿಲೋ ಚಕ್ಕುಲಿ ಅಂದರೆ 30 ಕಿಲೋ. ಹಿಟ್ಟು ಹುರಿದು, ಬೀಸಿ, ಒತ್ತಿ, ಕರಿದು, ಆರಿಸಿ, ಪ್ಯಾಕ್ ಮಾಡುವುದು ಒಂದು ದಿನದ ಕೆಲಸ ಅಲ್ಲ. ಕರ್ಜಿಕಾಯಿ ಅಂತೂ ಒಂದೊಂದೇ ಕೈಯಲ್ಲಿ ಮಡಚಬೇಕು. ಇದರ ಜೊತೆಗೆ ಆ ಹೆಂಗಸರಿಗೂ ಮನೆಯಲ್ಲಿ ಹಬ್ಬ ಇರುತ್ತದೆ. ಹಳ್ಳಿಯವರಾದರೆ ಮುಂಗಾರು ಬೆಳೆಯ ಕೊಯ್ಲೂ ಅದೇ ಹೊತ್ತಿಗೆ ಬರುತ್ತದೆ. ಹದಿನೈದು ದಿನ ಮುಂಚೆ ಆರ್ಡರ್ ಕೊಟ್ಟರೆ ಇಲ್ಲ ಅನ್ನಲಾರರು, ಆದರೆ ರಾತ್ರಿ ನಿದ್ದೆಗೆಟ್ಟು ಮಾಡುತ್ತಾರೆ. ಗುಣಮಟ್ಟ ಕೆಟ್ಟರೆ ಹೆಸರು ಕೆಡುವುದೂ ಅವರದ್ದೇ.

ದುಡ್ಡಿನ ವಿಷಯ ಇನ್ನೂ ಕಷ್ಟ. ನಿಮ್ಮ ಒಟ್ಟು ಆರ್ಡರ್ 72,000 ರೂಪಾಯಿ. ನಿಮ್ಮ ಕಂಪನಿಗೆ ಅದು ಸಣ್ಣ ಬಿಲ್. ಒಂದು ಸಂಘಕ್ಕೆ ಅದರ ಕಾಲು ಭಾಗದ ಸಾಮಾನನ್ನು ಸ್ವಂತ ದುಡ್ಡಲ್ಲಿ ತರುವುದೂ ಭಾರ. ಎಣ್ಣೆ ಡಬ್ಬ, ಕೊಬ್ಬರಿ, ಸಕ್ಕರೆ ಉದ್ರಿ ತರುತ್ತಾರೆ, ಇಲ್ಲವೇ ಬಡ್ಡಿಗೆ ತರುತ್ತಾರೆ. ಮಾಲು ಕಳಿಸಿದ ಮೇಲೆ ಅಕೌಂಟ್ಸ್ ವಿಭಾಗದವರು '60 ದಿನದ ಪೇಮೆಂಟ್ ಸೈಕಲ್' ಅಂತಾರೆ. ಒಮ್ಮೆ ಒಂದು ದೊಡ್ಡ ಆಫೀಸು ದೀಪಾವಳಿಗೆ ತರಿಸಿಕೊಂಡ ತಿಂಡಿಯ ದುಡ್ಡನ್ನು ನಮಗೆ ಕೊಟ್ಟದ್ದು ಶಿವರಾತ್ರಿ ಕಳೆದ ಮೇಲೆ. ಅದೇ ಆಫೀಸು ಹಂಚಿದ ಬಾಕ್ಸ್ ಮೇಲೆ ಮಹಿಳಾ ಸಬಲೀಕರಣಕ್ಕೆ ನಮ್ಮ ಬೆಂಬಲ ಅಂತ ಅಚ್ಚಾಗಿತ್ತು.

ಆದ್ದರಿಂದ ಆರ್ಡರ್ ಜೊತೆಗೇ ಅರ್ಧ, ಅಂದರೆ 36,000 ರೂಪಾಯಿ, ಅಡ್ವಾನ್ಸ್ ಕೊಡಿ. ಉಳಿದದ್ದು ಮಾಲು ಬಂದ ವಾರದೊಳಗೆ ಕೊಡಿ. ನಿಮ್ಮ ಫೈನಾನ್ಸ್‌ನವರು ಗೊಣಗಿದರೆ ಒಂದು ಕಾನೂನಿನ ಮಾತು ಹೇಳಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಅತಿ ಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ, ಕರಾರು ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಕರಾರು ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡ ಮಾಡಿ, ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯಲು ಆದಾಯ ತೆರಿಗೆ ಇಲಾಖೆ ಬಿಡುವುದಿಲ್ಲ. ಈ ನಿಯಮ 2023–24ನೇ ಹಣಕಾಸು ವರ್ಷದಿಂದ ಇದೆ. ಕರುಣೆಗೆ ಕರಗದ ಫೈನಾನ್ಸ್‌ನವರು ಇದಕ್ಕೆ ಕರಗುತ್ತಾರೆ.

ಏನು ಕೊಳ್ಳಬಹುದು? ಪಟ್ಟಿ ಉದ್ದ ಮಾಡುವುದಿಲ್ಲ, ಕರ್ನಾಟಕದೊಳಗೇ ಕೆಲವನ್ನು ಹೇಳುತ್ತೇನೆ. ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿಯ ಚೀಲ, ಪರ್ಸ್, ದಿಂಬಿನ ಕವರ್ ಚೆನ್ನಾಗಿರುತ್ತವೆ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆಯೂ, ಅಂದರೆ ಆ ಊರಿನದೇ ಕಸುಬು ಅನ್ನುವ ಸರ್ಕಾರದ ಗುರುತೂ, ಇದೆ. ಕೈಕೆಲಸ ಆದ್ದರಿಂದ ಎರಡು ತಿಂಗಳು ಮುಂಚೆ ಹೇಳಬೇಕು. ಸಾಗರದ ಹತ್ತಿರ ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ, ನೈಸರ್ಗಿಕ ಬಣ್ಣದ್ದು, ಬೆಂಗಳೂರಿನ ದೇಸಿ ಅಂಗಡಿಗಳಲ್ಲಿ ಸಿಗುತ್ತದೆ. ಮಕ್ಕಳಿರುವ ಮನೆಗೆ ಚನ್ನಪಟ್ಟಣದ ಗೊಂಬೆ. ಇಲ್ಲಿ ಸ್ವಲ್ಪ ಹುಷಾರು. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಇರುವುದೆಲ್ಲ ಚನ್ನಪಟ್ಟಣದ್ದಲ್ಲ. ಪ್ಲಾಸ್ಟಿಕ್ಕೂ ಅದೇ ಸಾಲಲ್ಲಿ ಕೂತಿರುತ್ತದೆ. ಅರಗಿನ ಬಣ್ಣದ ಮರದ ಗೊಂಬೆ ಬೇಕು ಅಂತ ಕೇಳಿ, ಸಾಧ್ಯವಾದರೆ ಕುಶಲಕರ್ಮಿಗಳ ಗುಂಪಿನಿಂದಲೇ ತನ್ನಿ.

ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಎಲ್ಲರೂ ಎಪಿಡಿ ಅನ್ನುತ್ತಾರೆ, 1959ರಿಂದ ಅಂಗವಿಕಲರಿಗಾಗಿ ಕೆಲಸ ಮಾಡುತ್ತಿದೆ. ತೋಟಗಾರಿಕೆ ತರಬೇತಿ ಕೊಟ್ಟು ನರ್ಸರಿ ನಡೆಸುತ್ತಾರೆ. ಕುಂಡದಲ್ಲಿಟ್ಟ ಗಿಡ ಒಳ್ಳೆಯ ಉಡುಗೊರೆ. ಬಸ್ಸಲ್ಲಿ ಮನೆಗೆ ಒಯ್ಯುವವರಿಗೆ ತೊಂದರೆ ಆಗದಷ್ಟು ಸಣ್ಣ ಕುಂಡ ಆರಿಸಿ. ಮಿಟ್ಟಿ ಕೆಫೆ ಇನ್ನೊಂದು. 2017ರಲ್ಲಿ ಹುಬ್ಬಳ್ಳಿಯ ಒಂದು ಕಾಲೇಜಿನ ಆವರಣದಲ್ಲಿ ಶುರುವಾದದ್ದು. ಅಲ್ಲಿ ಅಡುಗೆ ಮಾಡುವವರು, ಬಡಿಸುವವರು ಎಲ್ಲ ಅಂಗವಿಕಲರು. 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ಒಂದು ತೆರೆಯಿತು. ಅವರು ಉಡುಗೊರೆ ಬಾಕ್ಸ್‌ಗಳನ್ನೂ ಮಾಡುತ್ತಾರೆ. ಇನ್ನು ಸರ್ಕಾರದ ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘಗಳು ಪ್ರತಿ ಜಿಲ್ಲೆಯಲ್ಲೂ ಇವೆ. ಕಲಬುರಗಿ ಕಡೆಯ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಬಾಕ್ಸ್ ಕೊಟ್ಟು ನೋಡಿ. ಬೆಂಗಳೂರಿನವರಿಗೆ ಅದು ಹೊಸ ರುಚಿ, ಬೇಗ ಕೆಡುವುದೂ ಇಲ್ಲ. ನೂರಿಪ್ಪತ್ತು ಮನೆ ಸುತ್ತಿ ವಾಪಸ್ ಬರುವ ಸೋನ್ ಪಾಪ್ಡಿಗಿಂತ ಸಾವಿರ ಪಾಲು ವಾಸಿ.

ತಿಂಡಿ ಯಾರಿಂದ ಕೊಂಡರೂ ಲೇಬಲ್ ಮೇಲೆ 14 ಅಂಕಿಯ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ತಯಾರಿಸಿದ ದಿನ, ಎಷ್ಟು ದಿನ ಇಡಬಹುದು, ಏನೇನು ಹಾಕಿದ್ದಾರೆ ಅನ್ನುವುದು ಇರಬೇಕು. ಸಂಘ ಅಂತ ಇದರಲ್ಲಿ ರಿಯಾಯಿತಿ ಕೊಡಬೇಡಿ. ಶೇಂಗಾ ಅಲರ್ಜಿ ಇರುವವರು ನಿಮ್ಮ 120 ಜನರಲ್ಲೂ ಇರಬಹುದು.

ದೊಡ್ಡ ಬ್ರ್ಯಾಂಡಿನ ಬಾಕ್ಸ್ ಮೇಲೆ 'ನಮ್ಮ ಲಾಭದ ಒಂದು ಭಾಗ ಮಕ್ಕಳ ಶಿಕ್ಷಣಕ್ಕೆ' ಅಂತ ಬರೆದಿರುತ್ತಾರಲ್ಲ, ಅದಕ್ಕೆ ಮರುಳಾಗಬೇಡಿ. ಒಂದು ಭಾಗ ಅಂದರೆ ಎಷ್ಟು? ಲಾಭವೇ ಇಲ್ಲ ಅಂತ ಲೆಕ್ಕ ತೋರಿಸಿದರೆ? ಯಾವ ಸಂಸ್ಥೆಗೆ? 'ಪ್ರತಿ ಬಾಕ್ಸಿಗೆ 20 ರೂಪಾಯಿ, ಇಂಥ ಸಂಸ್ಥೆಗೆ, ಇಂಥ ತಾರೀಖಿನೊಳಗೆ' ಅಂತ ಬರೆದಿದ್ದರೆ ಅದು ಮಾತು. ಉಳಿದದ್ದು ಜಾಹೀರಾತು.

ಈಗ ಎರಡನೆಯ ಪ್ರಶ್ನೆ. ಉಡುಗೊರೆಯನ್ನೇ ಬಿಟ್ಟು ಎಲ್ಲರ ಹೆಸರಲ್ಲಿ ದಾನ ಕೊಡಬಹುದೇ? ಕೊಡಬಹುದು, ಆದರೆ ನಾನು ಬೇಡ ಅನ್ನುತ್ತೇನೆ. ಹಬ್ಬಕ್ಕೆ ಮನೆಗೆ ಏನೋ ಒಯ್ಯುವ ಖುಷಿ ಅವರದ್ದು. ಅದನ್ನು ಕಿತ್ತುಕೊಂಡು 'ನಿಮ್ಮ ಹೆಸರಲ್ಲಿ ಒಂದು ಮಗುವಿಗೆ ಊಟ ಹಾಕಿದ್ದೇವೆ' ಅನ್ನುವ ಕಾರ್ಡ್ ಕೈಗಿಟ್ಟರೆ, ಬಾಯಲ್ಲಿ ಥ್ಯಾಂಕ್ಸ್ ಅಂದರೂ ಮನಸ್ಸಲ್ಲಿ ಬೇರೆ ಅಂದುಕೊಳ್ಳುತ್ತಾರೆ. ದಾನ ಕೊಡುವವರು ತಾವೇ ಮನಸ್ಸು ಮಾಡಿ ಕೊಡಬೇಕು. ಹೌಸ್‌ಕೀಪಿಂಗ್ ಅಕ್ಕಂದಿರು, ಸೆಕ್ಯೂರಿಟಿಯವರಿಗೆ ಅಂತೂ ಈ ಕಾರ್ಡ್ ಕೊಡಲೇಬೇಡಿ. ಅವರು ಏಜೆನ್ಸಿ ಮೂಲಕ ಬಂದವರು ಅಂತ ನಿಮ್ಮ 120ರ ಲೆಕ್ಕದಲ್ಲಿ ಸೇರಿರಲಿಕ್ಕಿಲ್ಲ. ಸೇರಿಸಿ. ಅವರಿಗೆ ಅದೇ ಬಾಕ್ಸ್, ಜೊತೆಗೆ ಲಕೋಟೆಯಲ್ಲಿ ಕೈತುಂಬ ನಗದು. ದೂರದ ಊರಿನ ಸಂಸ್ಥೆಗೆ ಕೊಡುವ ಮುಂಚೆ ದಿನಾ ನಿಮ್ಮ ಟೇಬಲ್ ಒರೆಸುವವರ ಮನೆಯ ಹಬ್ಬ ನೋಡುವುದು ಸರಿ ಅಲ್ವಾ?

ದಾನವೂ ಇರಲಿ ಅಂದರೆ ಹೀಗೆ ಮಾಡಿ. ಬಾಕ್ಸನ್ನು 400 ರೂಪಾಯಿಗೆ ಇಳಿಸಿ. ಉಳಿದ 200ರಂತೆ 24,000 ರೂಪಾಯಿಯನ್ನು ಕಂಪನಿ ಒಂದೇ ಸಂಸ್ಥೆಗೆ ಕೊಡಲಿ. ಯಾವ ಸಂಸ್ಥೆ ಅಂತ ನೌಕರರೇ ಆರಿಸಲಿ. ಕೈಯಿಂದ ಹಾಕಲು ಇಷ್ಟ ಇರುವವರು ಬೇರೆಯಾಗಿ, ನೇರವಾಗಿ ಸಂಸ್ಥೆಯ ಖಾತೆಗೆ ಹಾಕಲಿ. ಆಫೀಸಲ್ಲಿ ಡಬ್ಬಿ ಹಿಡಿದು ಓಡಾಡಬೇಡಿ. ಮ್ಯಾನೇಜರ್ ಎದುರಿಗೆ ಡಬ್ಬಿ ಬಂದರೆ ಅದು ದಾನ ಅಲ್ಲ, ವಸೂಲಿ. ಮುಂದಿನ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ದಾನ್ ಉತ್ಸವ್ ವಾರವನ್ನೂ ಇದಕ್ಕೆ ಬಳಸಿಕೊಳ್ಳಬಹುದು. 2009ರಲ್ಲಿ ಶುರುವಾದ ಈ ವಾರದಲ್ಲಿ ದೇಶದ ಎಷ್ಟೋ ಆಫೀಸುಗಳು ಇಂಥ ಕೆಲಸ ಮಾಡುತ್ತವೆ.

ತೆರಿಗೆ ವಿಷಯ ಬೇಗ ಮುಗಿಸುತ್ತೇನೆ. ಜನ ಇನ್ನೂ 80ಜಿ ಅಂತಲೇ ಕರೆಯುತ್ತಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಹಾಗಾಗಿ ರಸೀದಿಯಲ್ಲಿ ಬೇರೆ ಸಂಖ್ಯೆ ಕಂಡರೆ ಗಾಬರಿ ಬೇಡ. ಹೆಚ್ಚಿನ ಸ್ವಯಂಸೇವಾ ಸಂಸ್ಥೆಗಳಿಗೆ ಕೊಟ್ಟ ಹಣದ ಅರ್ಧದಷ್ಟನ್ನು ಆದಾಯದಿಂದ ಕಳೆಯಬಹುದು, ಅದಕ್ಕೂ ಒಂದು ಮಿತಿ ಇದೆ. 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಅಕ್ಕಿ ಮೂಟೆ, ಬಟ್ಟೆ, ಹೋಳಿಗೆ ಕೊಟ್ಟರೂ ಇಲ್ಲ, ಹಣಕ್ಕೆ ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲಿರುವ ನೌಕರರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ನಿಮ್ಮಲ್ಲಿ ಹೆಚ್ಚಿನವರು ಆ ಪದ್ಧತಿಯಲ್ಲೇ ಇರುತ್ತಾರೆ. 22%ರ ಕಡಿಮೆ ತೆರಿಗೆ ದರ ಆರಿಸಿಕೊಂಡ ಕಂಪನಿಗೂ ಇಲ್ಲ. ಸಂಸ್ಥೆ ಬರೀ ರಸೀದಿ ಕೊಟ್ಟರೆ ಸಾಲದು, ಇಲಾಖೆಗೆ ದಾನಿಗಳ ವಿವರ ಸಲ್ಲಿಸಿ ನಿಮಗೆ ಪ್ರಮಾಣಪತ್ರ ಕೊಡಬೇಕು. ಅದಕ್ಕಾಗಿ ನಿಮ್ಮ ಪ್ಯಾನ್ ಕೇಳಿದರೆ ಅನುಮಾನ ಪಡಬೇಡಿ. ಕೇಳದಿದ್ದರೆ ಅನುಮಾನ ಪಡಿ.

ನೌಕರರಿಗೆ ಕೊಟ್ಟ ಉಡುಗೊರೆಯನ್ನು ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ, ಲೆಕ್ಕಕ್ಕೆ ಬರೆಯಬಹುದೇ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ. ಮೊದಲನೆಯದಾಗಿ, ಸಿಎಸ್‌ಆರ್ ಕಡ್ಡಾಯ ಇರುವುದು ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗಳಿಗೆ ಮಾತ್ರ. ಮುಟ್ಟಿದ್ದರೂ ಸ್ವಂತ ನೌಕರರಿಗೆ ಅನುಕೂಲ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ಉಡುಗೊರೆಯಾಗಿ ಕೊಟ್ಟ ವಸ್ತುವಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಲೂ, ಅಂದರೆ ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲೂ, ಬರುವುದಿಲ್ಲ. ಬಜೆಟ್ ಮಾಡುವಾಗಲೇ ಇದನ್ನು ಸೇರಿಸಿಕೊಳ್ಳಿ.

ಸಂಸ್ಥೆ ನಿಜವೋ ಸುಳ್ಳೋ ನೋಡುವುದು ಕಷ್ಟವೇನಲ್ಲ. ವಿನಾಯಿತಿ ಇರುವ ಸಂಸ್ಥೆಗಳ ಹೆಸರು ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿದೆ. ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲೂ ಹುಡುಕಿ. ಕಳೆದ ವರ್ಷದ ಆಡಿಟ್ ವರದಿ ಕಳಿಸಿ ಅಂತ ಒಂದು ಮೇಲ್ ಹಾಕಿ. ಒಳ್ಳೆಯ ಸಂಸ್ಥೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಹಬ್ಬದ ಹೊತ್ತಿಗೆ ಫೋನ್ ಮಾಡಿ 'ಇವತ್ತು ಸಂಜೆಯೊಳಗೆ ಹಾಕಿ ಸಾರ್, ಮಕ್ಕಳಿಗೆ ಊಟ ಇಲ್ಲ' ಅನ್ನುವವರಿಗೂ ಅದೇ ಉತ್ತರ.

ಇನ್ನು ಹೋಳಿಗೆ ಊಟ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಹಬ್ಬದ ದಿನ ಆಶ್ರಮಗಳಿಗೆ ಊಟದ ಕೊರತೆ ಇರುವುದಿಲ್ಲ. ಬೆಂಗಳೂರಲ್ಲಂತೂ ದೀಪಾವಳಿ, ಯುಗಾದಿ, ಆಗಸ್ಟ್ 15ರಂದು ಕೊಡುವವರ ಸಾಲೇ ಇರುತ್ತದೆ. ಬೆಳಿಗ್ಗೆ ಒಂದು ಗುಂಪು ಇಡ್ಲಿ, ಕೇಸರಿಬಾತ್ ತರುತ್ತದೆ. ಮಧ್ಯಾಹ್ನ ಇನ್ನೊಂದು ಹೋಳಿಗೆ ಊಟ ತರುತ್ತದೆ. ಸಂಜೆಗೆ ಮೂರನೆಯವರು ಕೇಕು, ಪಫ್ಸ್. ಪ್ರತಿ ಗುಂಪಿಗೂ ಮಕ್ಕಳು ಸಾಲಾಗಿ ಕೂತು ಹಾಡಿ ಥ್ಯಾಂಕ್ಸ್ ಹೇಳಬೇಕು. ರಾತ್ರಿ ಹೊಟ್ಟೆನೋವು, ಉಳಿದ ಅನ್ನ ಚರಂಡಿಗೆ. ಅದೇ ಮನೆಗೆ ಫೆಬ್ರವರಿಯ ಯಾವುದೋ ಮಂಗಳವಾರ ಗ್ಯಾಸ್ ಸಿಲಿಂಡರ್ ಮುಗಿದರೆ ಕೇಳುವವರಿಲ್ಲ.

ಹಾಗಾಗಿ ಮೊದಲು ಫೋನ್ ಮಾಡಿ ಕೇಳಿ. 'ನಾವು ಹೋಳಿಗೆ ತರುತ್ತೇವೆ' ಅನ್ನಬೇಡಿ. 'ಈ ತಿಂಗಳು ನಿಮಗೆ ಏನು ಬೇಕಿದೆ, ಯಾವತ್ತು ಬೇಕಿದೆ?' ಅಂತ ಕೇಳಿ. ಉತ್ತರ ಏನು ಬರುತ್ತದೆ ಅಂತ ನಾನು ಊಹಿಸಬಲ್ಲೆ. ಅಡುಗೆ ಎಣ್ಣೆ, ತೊಗರಿಬೇಳೆ, ಸ್ಯಾನಿಟರಿ ಪ್ಯಾಡ್, ಬಕೆಟ್, ಚಪ್ಪಲಿ, ಅಡುಗೆಯವರ ಸಂಬಳ. ಕೊನೆಯದಕ್ಕೆ ಯಾರೂ ಕೊಡುವುದಿಲ್ಲ. ಅಡುಗೆಯವರ ಸಂಬಳ ಕೊಟ್ಟೆ ಅಂತ ಹೇಳಿಕೊಳ್ಳಲು ಫೋಟೊ ಸಿಗುವುದಿಲ್ಲವಲ್ಲ. ಆದರೆ ಮಕ್ಕಳಿಗೆ ವರ್ಷವಿಡೀ ಬಿಸಿ ಊಟ ಸಿಗುವುದು ಆ ಸಂಬಳದಿಂದಲೇ. ನಿಮ್ಮ ಅಪಾರ್ಟ್‌ಮೆಂಟಿನವರು ಒಂದು ದಿನದ ಊಟದ ಬದಲು ಆರು ತಿಂಗಳು, ತಿಂಗಳಿಗಿಷ್ಟು ಅಂತ ಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ.

ಆದರೂ ಮಕ್ಕಳಿಗೆ ಹೋಳಿಗೆ ತಿನ್ನಿಸುವ ಆಸೆ ಇದ್ದರೆ, ಅದರಲ್ಲಿ ತಪ್ಪೇನೂ ಇಲ್ಲ. ದೀಪಾವಳಿ ಬಿಟ್ಟು ತುಳಸಿ ಹಬ್ಬಕ್ಕೆ ಇಟ್ಟುಕೊಳ್ಳಿ. ಅಮಾವಾಸ್ಯೆ ಕಳೆದು ಹನ್ನೆರಡನೆಯ ದಿನ, ಉತ್ಥಾನ ದ್ವಾದಶಿ. ಅಷ್ಟು ಹೊತ್ತಿಗೆ ಕೊಡುವವರ ನೂಕುನುಗ್ಗಲು ಮುಗಿದಿರುತ್ತದೆ. ಮಕ್ಕಳಿಗೂ ಎರಡನೇ ಸಲ ದೀಪ ಹಚ್ಚುವ ಖುಷಿ. ಆಶ್ರಮದ ಅಡುಗೆಮನೆಯಲ್ಲೇ ಬಿಸಿಬಿಸಿ ಬೇಯಿಸಿ, ಆಗ ದೊಡ್ಡ ಮಕ್ಕಳು ತಾವೇ ಹೂರಣ ತುಂಬಲು ಬರುತ್ತಾರೆ. ಇಪ್ಪತ್ತು ಮನೆಗಳಲ್ಲಿ ಬೆಳಗಿನ ಜಾವ ಮಾಡಿ, ಡಬ್ಬಿಗೆ ತುಂಬಿ, ಟ್ರಾಫಿಕ್ಕಲ್ಲಿ ಒಯ್ದು ಮಧ್ಯಾಹ್ನ ಬಡಿಸುವುದು ಬೇಡ. ಬೇಯಿಸಿದ ಅನ್ನ, ಸಾರು, ಪಲ್ಯ ಬಿಸಿಯಾಗಿ ಇಡಬೇಕು ಅಂದರೆ 60 ಡಿಗ್ರಿ ಸೆಲ್ಸಿಯಸ್ ಮೇಲೆ ಇರಬೇಕು. ಉಗುರುಬೆಚ್ಚಗೆ ಗಂಟೆಗಟ್ಟಲೆ ಇಟ್ಟ ಊಟದಿಂದಲೇ ವಾಂತಿ ಭೇದಿ ಆಗುವುದು. ಐವತ್ತು ಮಕ್ಕಳಿಗೆ ಒಟ್ಟಿಗೆ ಆದರೆ ಆಶ್ರಮದವರ ಗತಿ ಯೋಚಿಸಿ.

ಫೋಟೊ ವಿಷಯ ಗಟ್ಟಿಯಾಗಿ ಹೇಳುತ್ತೇನೆ, ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಕಳಿಸಿ. ಆಶ್ರಮದ ಮಕ್ಕಳ ಮುಖ ಕಾಣುವ ಫೋಟೊವನ್ನು ಸ್ಟೇಟಸ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲೂ ಹಾಕಬಾರದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ರಕ್ಷಣೆ, ಪೋಷಣೆ ಬೇಕಿರುವ ಮಗುವಿನ ಗುರುತು ಬಯಲು ಮಾಡುವುದು ಅಪರಾಧ. 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನು ಬದಿಗಿಡಿ. ಊಟದ ತಟ್ಟೆ ಹಿಡಿದ ನಿಮ್ಮ ಮಗನ ಫೋಟೊವನ್ನು ಪರಿಚಯವಿಲ್ಲದವರು ಹಂಚಿಕೊಂಡರೆ ನಿಮಗೆ ಹೇಗನಿಸುತ್ತದೆ? ಇದೇ ಕಾಯ್ದೆಯಲ್ಲಿ ಪ್ರತಿ ಮಕ್ಕಳ ಪಾಲನಾ ಸಂಸ್ಥೆಯೂ ನೋಂದಣಿ ಆಗಿರಬೇಕು. ಹೋಗುವ ಮುಂಚೆ ನೋಂದಣಿ ಇದೆಯೇ ಕೇಳಿ. ಇಲ್ಲದ ಕಡೆಗೆ ಎಷ್ಟೇ ಕಣ್ಣೀರಿನ ಕಥೆ ಕೇಳಿದರೂ ಹೋಗಬೇಡಿ.

ಆಫೀಸಿನ ದೀಪಾವಳಿ ಪಾರ್ಟಿಯಲ್ಲಿ ಊಟ ಉಳಿದರೆ ರಾಬಿನ್ ಹುಡ್ ಆರ್ಮಿಯಂಥ ಸ್ವಯಂಸೇವಕರ ಗುಂಪುಗಳಿವೆ. 2014ರಲ್ಲಿ ದೆಹಲಿಯಲ್ಲಿ ಶುರುವಾಗಿ ಬೆಂಗಳೂರಿಗೂ ಬಂದಿದೆ. ಅವರು ದುಡ್ಡು ಮುಟ್ಟುವುದಿಲ್ಲ, ಊಟ ಮಾತ್ರ ಒಯ್ದು ಹಂಚುತ್ತಾರೆ. ಆದರೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಬೇಡಿ, ಪಾರ್ಟಿ ಗೊತ್ತಾದ ದಿನವೇ ಹೇಳಿಡಿ. ಬಡಿಸುವ ಪಾತ್ರೆಗೆ ಹೋಗದೆ ಉಳಿದ ಊಟವನ್ನು ಮಾತ್ರ ಕೊಡಿ.

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ಮೊದಲು ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಇನ್ನೂ ಭಾರತದ ಪ್ರಜೆಯೇ ಆಗಿದ್ದು, ತನ್ನ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಯಾವ ಸಂಸ್ಥೆಗಾದರೂ ಕೊಡಬಹುದು. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ನೋಂದಣಿ ಇರುವ ಸಂಸ್ಥೆಗೆ ಮಾತ್ರ ಕೊಡಬಹುದು. ಅದೂ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಆ ಸಂಸ್ಥೆಯ ಎಫ್‌ಸಿಆರ್‌ಎ ಖಾತೆಗೇ ಬರಬೇಕು. ಊರಿನ ಸಣ್ಣ ಸಂಸ್ಥೆಗಳಿಗೆ ಈ ನೋಂದಣಿ ಹೆಚ್ಚಾಗಿ ಇರುವುದಿಲ್ಲ. ಗೊತ್ತಿಲ್ಲದೆ ಅವರ ಮಾಮೂಲಿ ಖಾತೆಗೆ ಹಾಕಿದರೆ ತೊಂದರೆ ಆಗುವುದು ಅವರಿಗೆ. ಅಮೆರಿಕದ ತೆರಿಗೆಯಲ್ಲಿ ವಿನಾಯಿತಿ ಬೇಕು ಅಂದರೆ ಅಲ್ಲಿಯೇ ನೋಂದಾಯಿಸಿದ ಸಂಸ್ಥೆಗೆ ಕೊಡಬೇಕು. 2000ನೇ ಇಸವಿಯಲ್ಲಿ ಬೆಂಗಳೂರಿನ 5 ಶಾಲೆಗಳಲ್ಲಿ ಊಟ ಕೊಡಲು ಶುರು ಮಾಡಿದ ಅಕ್ಷಯ ಪಾತ್ರಕ್ಕೆ ಅಲ್ಲೂ ಅಂಥ ಸಂಸ್ಥೆ ಇದೆ. ಇದ್ಯಾವುದೂ ಬೇಡ ಅಂದರೆ ಅವನು ಸಂಘದ ಚಕ್ಕುಲಿ ಬಾಕ್ಸ್ ಕೊಂಡು ಇಲ್ಲಿನ ನೆಂಟರಿಗೆ ಕಳಿಸಲಿ. ಅದು ಸರಕಿನ ಬೆಲೆ ಕೊಟ್ಟು ಕೊಂಡದ್ದು. ದೇಣಿಗೆಯ ಈ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲ.

ಬಾಕ್ಸಿನೊಳಗೆ ಇಡುವ ಚೀಟಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ. ಯಾವ ಊರಿನ ಯಾವ ಸಂಘ ಮಾಡಿದ್ದು, ಒಳಗೆ ಏನಿದೆ, ಎಷ್ಟು ದಿನದೊಳಗೆ ತಿನ್ನಬೇಕು, ಮತ್ತೆ ಬೇಕಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಇಷ್ಟು ಸಾಕು. ಮಾಡಿದವರ ಬಡತನದ ಕಥೆ ಬೇಡ, ಅವರ ಫೋಟೊ ಹಾಕುವುದಿದ್ದರೆ ಕೇಳಿಯೇ ಹಾಕಿ. ಫೋನ್ ನಂಬರ್ ಮಾತ್ರ ದಪ್ಪ ಅಕ್ಷರದಲ್ಲಿ ಇರಲಿ. ಚಟ್ನಿಪುಡಿ ಖಾಲಿಯಾದವರು ಸಂಕ್ರಾಂತಿ ಹೊತ್ತಿಗೆ ಅದನ್ನೇ ಹುಡುಕುತ್ತಾರೆ.